ಸ್ಯಾಂಕ್ಷನ್ ಆಯಿತು, ಅಭಿನಂದನೆಗಳು!

ಸಾಲ ಸ್ಯಾಂಕ್ಷನ್ ಆಯಿತೆಂದರೆ ಮುಖ ಅರಳುತ್ತದೆ, ರಜೆ ಸ್ಯಾಂಕ್ಷನ್ ಆಯಿತೆಂದರೆ ಪೆಟ್ಟಿಗೆ ಕಟ್ಟುವುದು ಶುರುವಾಗುತ್ತದೆ. ಅದೇ ಪದ ಒಂದು ದೇಶದ ಮೇಲೆ ಬಿದ್ದರೆ ಹಡಗುಗಳು ಬಂದರಿನಲ್ಲೇ ಉಳಿಯುತ್ತವೆ, ಬ್ಯಾಂಕ್ ಖಾತೆಗಳು ಸ್ತಂಭಿಸುತ್ತವೆ. ಮಂಜೂರು ಮಾಡುವುದಕ್ಕೂ ದಂಡಿಸುವುದಕ್ಕೂ ಒಂದೇ ಪದವನ್ನು ಸಾಕಿಕೊಂಡಿರುವ ಇಂಗ್ಲಿಷಿನ ಮಿತವ್ಯಯವನ್ನು ಮೆಚ್ಚಲೇಬೇಕು.

ಪದದ ಕುಲವೇನೋ ದೊಡ್ಡದೇ. ಕಟ್ಟಳೆಯೊಂದನ್ನು ಯಾರೂ ಮೀರದಂತೆ ಪವಿತ್ರಗೊಳಿಸುವುದು ಎಂಬ ಲ್ಯಾಟಿನ್ ಕ್ರಿಯಾಪದದಿಂದ ಅದು ಬಂದಿದೆ. ಸಂತರಿಗೆ ಹೇಳುವ 'ಸೇಂಟ್' ಕೂಡ ಅದೇ ಬೇರಿನದು. ಕಟ್ಟಳೆಗೆ ಒಪ್ಪಿಗೆಯ ಮುದ್ರೆಯೂ ಬೇಕು, ಮೀರಿದವನಿಗೆ ಶಿಕ್ಷೆಯೂ ಬೇಕು. ಎರಡೂ ಹೊರೆ ಇದೊಂದರ ಹೆಗಲಿಗೇ ಬಿದ್ದವು. ಪದವನ್ನು ಬಹುವಚನದಲ್ಲಿ ಬಳಸಿದಾಗ ಸಾಮಾನ್ಯವಾಗಿ ಶಿಕ್ಷೆಯೆಂದೇ ಅರ್ಥ. ಬಹುವಚನವನ್ನು ಗೌರವಕ್ಕೆ ಬಳಸುವ ನಮಗೆ ಇದು ಸ್ವಲ್ಪ ವಿಚಿತ್ರವೇ.

ಎರಡೂ ಅರ್ಥಗಳನ್ನು ಒಂದೇ ಏಟಿಗೆ ಸಾಧಿಸಿ ತೋರಿಸಿದ ಕೀರ್ತಿ ವಿಶ್ವಸಂಸ್ಥೆಗಿಂತ ಮೊದಲಿದ್ದ ರಾಷ್ಟ್ರಸಂಘಕ್ಕೆ (ಲೀಗ್ ಆಫ್ ನೇಷನ್ಸ್) ಸಲ್ಲಬೇಕು. 1935ರ ಅಕ್ಟೋಬರಿನಲ್ಲಿ ಮುಸೊಲಿನಿಯ ಇಟಲಿ ಅಬಿಸೀನಿಯಾದ (ಇಂದಿನ ಇಥಿಯೋಪಿಯಾದ) ಮೇಲೆ ದಂಡೆತ್ತಿ ಹೋದಾಗ, ಹಾವೂ ಸಾಯದಂತೆ ಕೋಲೂ ಮುರಿಯದಂತೆ ಎಚ್ಚರ ವಹಿಸಿ ಸದಸ್ಯ ರಾಷ್ಟ್ರಗಳು ಇಟಲಿಗೆ ಮಾರಬಾರದ ಸರಕುಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದವು. ರಬ್ಬರು, ತವರಗಳ ಜೊತೆಗೆ ಕುದುರೆ, ಹೇಸರಗತ್ತೆ, ಕತ್ತೆ, ಒಂಟೆಗಳೂ ಅದರಲ್ಲಿದ್ದವು. ಪೆಟ್ರೋಲಿಯಂ ಇರಲಿಲ್ಲ. ಕತ್ತೆಯ ಮೇಲೆ ಕೂತು ಯುದ್ಧಕ್ಕೆ ಹೋಗುವುದು ಅಪರಾಧ, ಟ್ಯಾಂಕಿನಲ್ಲಿ ಕೂತು ಹೋಗುವುದಕ್ಕೆ ಅಡ್ಡಿಯಿಲ್ಲ ಎಂದು ಇದರ ತಾತ್ಪರ್ಯ. ಸೂಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲವಾದ್ದರಿಂದ ಇಟಲಿಯ ಸೈನಿಕರನ್ನು ಹೊತ್ತ ಹಡಗುಗಳು ಸುಂಕ ಕಟ್ಟಿ, ಕ್ರಮಬದ್ಧವಾಗಿ, ಯುದ್ಧಕ್ಕೆ ಸಾಗಿದವು. 1936ರ ಮೇ 5ರಂದು ಅಬಿಸೀನಿಯಾದ ರಾಜಧಾನಿ ಅಡಿಸ್ ಅಬಾಬಾ ಬಿತ್ತು. ಜುಲೈನಲ್ಲಿ ನಿರ್ಬಂಧವನ್ನು ಹಿಂತೆಗೆದುಕೊಂಡರು. ಒಂಟೆಗಳು ಬಿಡುಗಡೆಯಾದವು.

ವಿಶ್ವಸಂಸ್ಥೆಯ ಸನ್ನದನ್ನು ಬರೆದವರು ಇದರಿಂದ ಪಾಠ ಕಲಿತರೋ ಏನೋ, 41ನೆಯ ವಿಧಿಯಲ್ಲಿ ರೈಲು, ಸಮುದ್ರ, ವಾಯು, ಅಂಚೆ, ತಂತಿ, ರೇಡಿಯೊ ಸಂಪರ್ಕಗಳನ್ನೆಲ್ಲ ಕಡಿಯಬಹುದೆಂದು ಹೆಸರು ಹಿಡಿದು ಹೇಳಿದರೂ ಸ್ಯಾಂಕ್ಷನ್ ಎಂಬ ಪದವನ್ನು ಮಾತ್ರ ಮುಟ್ಟದೆ 'ಕ್ರಮಗಳು' ಎಂದರು. ಫಲವೇನೂ ಸಿಗಲಿಲ್ಲ. 1990ರಲ್ಲಿ ಇರಾಕಿನ ಮೇಲೆ ವ್ಯಾಪಾರ ನಿಷೇಧ ಹೇರಿದಾಗ ಅದರ ಉಸ್ತುವಾರಿಗೆ ಹುಟ್ಟಿದ ಸಮಿತಿಯನ್ನು ಲೋಕ ಸ್ಯಾಂಕ್ಷನ್ಸ್ ಸಮಿತಿ ಎಂದೇ ಕರೆಯಿತು. ಮುಂದಿನ ವರ್ಷಗಳಲ್ಲಿ ಆ ದೇಶಕ್ಕೆ ನೀರು ಶುದ್ಧೀಕರಿಸುವ ಉಪಕರಣ ಕಳಿಸಬೇಕೆಂದವರು ಅದೇ ಸ್ಯಾಂಕ್ಷನ್ಸ್ ಸಮಿತಿಯ ಬಾಗಿಲಲ್ಲಿ ಅರ್ಜಿ ಹಿಡಿದು ಸ್ಯಾಂಕ್ಷನ್ನಿಗಾಗಿ ಕಾಯಬೇಕಾಯಿತು.