ಕ್ರೆಡಿಟ್ ಫ್ರೀಜ್ ಮಾಡಬೇಕಾ, ಬೇಡವಾ? ಅಮೆರಿಕದಲ್ಲಿರುವ ನಮ್ಮವರಿಗೆ

ಇಲ್ಲಿನ ಕನ್ನಡದವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನಮ್ಮ ಡೇಟಾ ಸೋರಿದೆ ಅಂತ ಕಾಗದ ಬಂದಿದೆ, ಒಂದು ವರ್ಷ ಕ್ರೆಡಿಟ್ ಮಾನಿಟರಿಂಗ್ ಫ್ರೀ ಕೊಡ್ತಾರಂತೆ, ತಗೊಳ್ಳೋದಾ?" ತಗೊಳ್ಳಿ, ಖರ್ಚೇನೂ ಇಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಮಾನಿಟರಿಂಗ್ ಅಂದರೆ, ನಿಮ್ಮ ಹೆಸರಿನಲ್ಲಿ ಯಾರೋ ಕಾರ್ಡಿಗೋ ಸಾಲಕ್ಕೋ ಕೈಹಾಕಿದ ಮೇಲೆ ನಿಮಗೊಂದು ಇಮೇಲ್ ಬರುತ್ತದೆ, ಅಷ್ಟೇ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಫ್ರೀಜ್ ಮಾಡಿ, ಅಂದರೆ ಹೊಸ ಸಾಲ ಕೊಡುವವರಿಗೆ ನಿಮ್ಮ ಸಾಲದ ಕಡತ ಸಿಗದ ಹಾಗೆ ಮುಚ್ಚಿಸಿಡಿ. ಮುಂದಿನ ಒಂದೆರಡು ತಿಂಗಳಲ್ಲಿ ಮನೆ ಸಾಲಕ್ಕೆ ಓಡಾಡುವುದಿದ್ದರೆ ಅದು ಮುಗಿದ ಮೇಲೆ ಮಾಡಿ. ಉಳಿದವರೆಲ್ಲ ಈ ವಾರವೇ ಮಾಡಿ.

ಇದು ನಡೆಯುವ ರೀತಿ ಸರಳ. ನಿಮ್ಮ ಹೆಸರಿನಲ್ಲಿ ಯಾರಾದರೂ ಹೊಸ ಕಾರ್ಡ್ ಅಥವಾ ಸಾಲ ಕೇಳಿದರೆ, ಬ್ಯಾಂಕಿನವರು ಎಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರು ಕ್ರೆಡಿಟ್ ಬ್ಯೂರೋಗಳಲ್ಲಿ (ಜನರ ಸಾಲದ ದಾಖಲೆ ಇಟ್ಟುಕೊಳ್ಳುವ ಕಂಪನಿಗಳು) ಒಂದರಿಂದಲಾದರೂ ನಿಮ್ಮ ರಿಪೋರ್ಟ್ ತರಿಸುತ್ತಾರೆ. ಫ್ರೀಜ್ ಆಗಿದ್ದರೆ ಬ್ಯೂರೋ ಅದನ್ನು ಕೊಡುವುದಿಲ್ಲ. ರಿಪೋರ್ಟ್ ಇಲ್ಲದೆ ಸಾಮಾನ್ಯವಾಗಿ ಯಾರೂ ಸಾಲ ಕೊಡುವುದಿಲ್ಲ. ಕಳ್ಳನ ಹತ್ತಿರ ನಿಮ್ಮ ಹೆಸರು, ಹುಟ್ಟಿದ ದಿನ, ಎಸ್‌ಎಸ್‌ಎನ್ (ಸೋಶಿಯಲ್ ಸೆಕ್ಯುರಿಟಿ ನಂಬರ್) ಎಲ್ಲ ಇದ್ದರೂ ಅವನ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಮೂರು ಬ್ಯೂರೋಗಳಲ್ಲೂ ಬೇರೆಬೇರೆಯಾಗಿಯೇ ಫ್ರೀಜ್ ಮಾಡಬೇಕು. ಒಂದರಲ್ಲಿ ಮಾಡಿದರೆ ಅದು ಉಳಿದ ಎರಡಕ್ಕೆ ಹೋಗುವುದಿಲ್ಲ.

"ನನ್ನ ಎಸ್‌ಎಸ್‌ಎನ್ ಯಾರಿಗೂ ಕೊಟ್ಟಿಲ್ಲ, ನನಗ್ಯಾಕೆ ಇದೆಲ್ಲ?" ಅನ್ನುವವರಿದ್ದಾರೆ. ಒಮ್ಮೆ ಕೂತು ನೆನಪು ಮಾಡಿಕೊಳ್ಳಿ. ಎಚ್‌1ಬಿಯಲ್ಲಿ ಬಂದಿಳಿದ ಮೊದಲ ವರ್ಷ ಆ ಒಂಬತ್ತು ಅಂಕಿಗಳನ್ನು ಎಲ್ಲೆಲ್ಲಿ ಬರೆದಿರಿ? ಅಪಾರ್ಟ್‌ಮೆಂಟ್ ಅರ್ಜಿಯಲ್ಲಿ. ರೂಮ್‌ಮೇಟ್ ಜೊತೆ ಹಾಕಿದ ಇನ್ನೊಂದು ಅರ್ಜಿಯಲ್ಲಿ. ಫೋನ್ ಕಂಪನಿಯಲ್ಲಿ, ಹಲ್ಲಿನ ಡಾಕ್ಟರ ಫಾರ್ಮಿನಲ್ಲಿ, ಕನ್ಸಲ್ಟೆನ್ಸಿಯ ಎಚ್‌ಆರ್‌ಗೆ. ಟ್ಯಾಕ್ಸ್ ಫೈಲ್ ಮಾಡಿಕೊಡುವವರಿಗೆ ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳ-ತೆರಿಗೆ ಪತ್ರ) ಅನ್ನು ಇಮೇಲಿನಲ್ಲೇ ಕಳಿಸಿದ್ದೂ ಇರುತ್ತದೆ. ಅವೆಲ್ಲ ಈಗ ಯಾರ ಕಂಪ್ಯೂಟರಿನಲ್ಲಿವೆ ಅಂತ ನಮಗೆ ಗೊತ್ತಾಗುವ ದಾರಿಯೇ ಇಲ್ಲ.

ಆ ನಂಬರನ್ನು ಎಲ್ಲೂ ಬರೆಯದೆ ಎಚ್ಚರ ವಹಿಸಿದವರನ್ನೂ ಎಕ್ವಿಫ್ಯಾಕ್ಸ್ ಬಿಡಲಿಲ್ಲ. 2017ರ ಸೆಪ್ಟೆಂಬರ್ 7ರಂದು ಅವರು ಒಪ್ಪಿಕೊಂಡ ಸೋರಿಕೆಯಲ್ಲಿ ಸುಮಾರು 14.7 ಕೋಟಿ ಜನರ ವಿವರ ಹೋಯಿತು. ಅಪಾಚೆ ಸ್ಟ್ರಟ್ಸ್ ಅನ್ನುವ ಸಾಫ್ಟ್‌ವೇರಿನಲ್ಲಿ ಒಂದು ದೋಷವಿತ್ತು. ಅದನ್ನು ಸರಿಪಡಿಸುವ ಪ್ಯಾಚ್ ಆ ವರ್ಷ ಮಾರ್ಚ್‌ನಲ್ಲೇ ಬಂದಿತ್ತು. ಅವರು ಹಾಕಿರಲಿಲ್ಲ. ನಮ್ಮಲ್ಲಿ ಅರ್ಧ ಜನ ಸಾಫ್ಟ್‌ವೇರಿನವರೇ. ಎರಡು ತಿಂಗಳು ಪ್ಯಾಚ್ ಹಾಕದೆ ಬಿಟ್ಟ ಸರ್ವರ್ ಅಂದರೆ ಏನು ಅಂತ ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಇದರಲ್ಲಿ ಜಾಸ್ತಿ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ನಾವು ಯಾರೂ ಎಕ್ವಿಫ್ಯಾಕ್ಸ್‌ಗೆ ಹೋಗಿ ನಮ್ಮ ವಿವರ ಇಟ್ಟುಕೊಳ್ಳಿ ಅಂತ ಕೇಳಿದವರಲ್ಲ. ನಾವು ಅವರ ಗಿರಾಕಿಗಳೇ ಅಲ್ಲ. ನಮ್ಮ ವಿವರ ಕೊಂಡುಕೊಳ್ಳುವ ಬ್ಯಾಂಕುಗಳು ಅವರ ಗಿರಾಕಿಗಳು. ನಮ್ಮನ್ನು ಕೇಳದೆ ಕಡತ ತೆರೆಯುತ್ತಾರೆ, ಅದು ಸೋರಿದರೆ ಕಾಯುವ ಕೆಲಸ ನಮ್ಮದು. ನ್ಯಾಯವಾಗಿ ಇದು ತಿರುಗುಮುರುಗಾಗಬೇಕಿತ್ತು. ಎಲ್ಲರ ಕಡತವೂ ಮುಚ್ಚಿಯೇ ಇರಬೇಕು, ನಾನು ಸಾಲ ಕೇಳಿದಾಗ ಮಾತ್ರ ನನ್ನ ಒಪ್ಪಿಗೆಯಿಂದ ತೆರೆಯಬೇಕು. ಕಾನೂನು ಅಷ್ಟು ದೂರ ಹೋಗಲಿಲ್ಲ. ಹೋದದ್ದು ಇಷ್ಟು: 2018ರ ಸೆಪ್ಟೆಂಬರ್ 21ರಿಂದ ಇಡೀ ದೇಶದಲ್ಲಿ ಫ್ರೀಜ್ ಮಾಡುವುದಕ್ಕೂ ತೆಗೆಯುವುದಕ್ಕೂ ಒಂದು ಪೈಸೆ ಕೇಳುವ ಹಾಗಿಲ್ಲ. ಅದಕ್ಕೂ ಮುಂಚೆ ಹಲವು ರಾಜ್ಯಗಳಲ್ಲಿ ಪ್ರತಿ ಬ್ಯೂರೋಗೂ ಶುಲ್ಕ ಕಟ್ಟಬೇಕಿತ್ತು. ಆನ್‌ಲೈನ್ ಅಥವಾ ಫೋನಿನಲ್ಲಿ ಕೇಳಿದರೆ ಒಂದು ಕೆಲಸದ ದಿನದೊಳಗೆ ಫ್ರೀಜ್ ಹಾಕಬೇಕು, ಒಂದು ಗಂಟೆಯೊಳಗೆ ತೆಗೆದುಕೊಡಬೇಕು. ಇದು ನಿಮ್ಮ ಹಕ್ಕು. ಸೈಟಿನಲ್ಲಿ "ಲಾಕ್" ಅಂತ ಇನ್ನೊಂದು ಕಾಣಬಹುದು. ಅದು ಕಂಪನಿಯ ಸ್ವಂತ ಸೇವೆ, ಕೆಲವು ಕಡೆ ತಿಂಗಳ ಶುಲ್ಕದ ಪ್ಯಾಕೇಜಿನ ಭಾಗ. ಅದು ಬೇಡ. "ಸೆಕ್ಯುರಿಟಿ ಫ್ರೀಜ್" ಅಂತ ಇರುವುದನ್ನೇ ಹುಡುಕಿ.

ಬೇಡ ಅನ್ನುವವರ ಮಾತಿನಲ್ಲೂ ಹುರುಳಿದೆ. ಹೊಸದಾಗಿ ಬಂದವರು ಮೊದಲೆರಡು ವರ್ಷ ಒಂದಲ್ಲ ಒಂದು ಕಾರ್ಡಿಗೆ, ಕಾರಿಗೆ, ಬಾಡಿಗೆ ಮನೆಗೆ ಅರ್ಜಿ ಹಾಕುತ್ತಲೇ ಇರುತ್ತಾರೆ. ಪ್ರತಿ ಸಲ ಫ್ರೀಜ್ ತೆಗೆಯುವುದು ಕಿರಿಕಿರಿಯೇ. ಭಾನುವಾರ ಸಂಜೆ ಕಾರ್ ಶೋರೂಮಿನಲ್ಲಿ ಕೂತಾಗ ಪಾಸ್‌ವರ್ಡ್ ಮರೆತರೆ ಇನ್ನೂ ಕಷ್ಟ. ಆದರೆ ಇದಕ್ಕೆ ದಾರಿ ಇದೆ. ಯಾವ ಬ್ಯೂರೋದಿಂದ ರಿಪೋರ್ಟ್ ತೆಗೀತೀರಿ ಅಂತ ಮೊದಲೇ ಕೇಳಿ, ಅದನ್ನಷ್ಟೇ ಕೆಲವು ದಿನದ ಮಟ್ಟಿಗೆ ತೆರೆಯಿರಿ. ಕೊನೆಯ ದಿನಾಂಕ ಕೊಟ್ಟರೆ ತಾನಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಮನೆ ಸಾಲಕ್ಕೆ ಮಾತ್ರ ಸಾಮಾನ್ಯವಾಗಿ ಮೂರನ್ನೂ ತೆರೆಯಬೇಕಾಗುತ್ತದೆ. ಇನ್ನು ಫ್ರೀಜ್ ಮಾಡಿದರೆ ಸ್ಕೋರ್ ಇಳಿಯುತ್ತದೆ ಅನ್ನುವುದು ಸುಮ್ನೆ ಮಾತು. ಒಂದು ಅಂಕವೂ ಇಳಿಯುವುದಿಲ್ಲ. ಈಗಿರುವ ಕಾರ್ಡುಗಳೂ ಎಂದಿನ ಹಾಗೆ ನಡೆಯುತ್ತವೆ.

ಫ್ರೀಜ್ ಮಾಡಿ ನಿಶ್ಚಿಂತೆಯಾಗಿ ಮಲಗಬಹುದು ಅಂತಲೂ ನಾನು ಹೇಳುವುದಿಲ್ಲ. ಇರುವ ಕಾರ್ಡಿನ ನಂಬರ್ ಕದ್ದು ಬಳಸಿದರೆ ಫ್ರೀಜ್ ತಡೆಯುವುದಿಲ್ಲ. ನಿಮ್ಮ ಎಸ್‌ಎಸ್‌ಎನ್ ಹಾಕಿ ಯಾರೋ ಟ್ಯಾಕ್ಸ್ ರಿಟರ್ನ್ ಸಲ್ಲಿಸಿ ರೀಫಂಡ್ ಹೊಡೆದರೂ ತಡೆಯುವುದಿಲ್ಲ. ಅದಕ್ಕೆ ಐಆರ್‌ಎಸ್‌ನವರ (ಅಮೆರಿಕದ ತೆರಿಗೆ ಇಲಾಖೆ) ಆರಂಕಿಯ ಐಪಿ ಪಿನ್ ಇದೆ. 2021ರಿಂದ ಯಾರು ಬೇಕಾದರೂ ಪಡೆಯಬಹುದು, ಪ್ರತಿ ವರ್ಷ ಹೊಸದು ಬರುತ್ತದೆ. ಆ ಪಿನ್ ಇಲ್ಲದೆ ನಿಮ್ಮ ನಂಬರಿನಲ್ಲಿ ಇ-ಫೈಲ್ ಮಾಡಿದ ರಿಟರ್ನನ್ನು ಅವರು ತಿರಸ್ಕರಿಸುತ್ತಾರೆ. ನಮ್ಮವರಲ್ಲಿ ತುಂಬಾ ಜನಕ್ಕೆ ಇದು ಗೊತ್ತಿಲ್ಲ.

ಮಕ್ಕಳ ವಿಷಯದಲ್ಲಂತೂ ನನಗೆ ಎರಡನೇ ಯೋಚನೆಯೇ ಇಲ್ಲ. ಇಲ್ಲಿ ಹುಟ್ಟಿದ ಮಗುವಿಗೆ ಕೆಲವೇ ವಾರದಲ್ಲಿ ಎಸ್‌ಎಸ್‌ಎನ್ ಬರುತ್ತದೆ. ಆ ನಂಬರಿನ ಮೇಲೆ ಯಾವ ಸಾಲದ ಇತಿಹಾಸವೂ ಇಲ್ಲ. ಕಳ್ಳರಿಗೆ ಬೇಕಾದ್ದೇ ಅದು. ಆ ನಂಬರಿಗೆ ಬೇರೆ ಹೆಸರು, ಬೇರೆ ಹುಟ್ಟಿದ ದಿನ ಜೋಡಿಸಿ ಇಲ್ಲದ ಒಬ್ಬ ಮನುಷ್ಯನನ್ನೇ ಹುಟ್ಟಿಸುತ್ತಾರೆ. ಮಗುವಿನ ರಿಪೋರ್ಟನ್ನು ಯಾರು ತೆಗೆದು ನೋಡುತ್ತಾರೆ, ಅಲ್ವಾ? ಕಾಲೇಜು ಸಾಲಕ್ಕೋ ಮೊದಲ ಕಾರ್ಡಿಗೋ ಅರ್ಜಿ ಹಾಕುವ ದಿನದವರೆಗೂ ಸುದ್ದಿಯೇ ಇರುವುದಿಲ್ಲ. 16 ವರ್ಷದೊಳಗಿನ ಮಕ್ಕಳಿಗೆ ಅಪ್ಪ ಅಮ್ಮ ಉಚಿತವಾಗಿ ಫ್ರೀಜ್ ಹಾಕಿಸಬಹುದು. ಮಗುವಿನ ಹೆಸರಿನಲ್ಲಿ ಕಡತವೇ ಇಲ್ಲದಿದ್ದರೆ ಬ್ಯೂರೋದವರು ಒಂದು ದಾಖಲೆ ತೆರೆದು ಅದನ್ನು ಫ್ರೀಜ್ ಮಾಡುತ್ತಾರೆ. ಜನನ ಪತ್ರ, ಎಸ್‌ಎಸ್‌ಎನ್ ಕಾರ್ಡ್, ನಿಮ್ಮ ಗುರುತಿನ ಚೀಟಿ ಇವುಗಳ ಪ್ರತಿಯನ್ನು ಮೂರೂ ಕಡೆಗೆ ಕಳಿಸಬೇಕು. ಒಂದು ಶನಿವಾರ ಬೆಳಗ್ಗೆಯ ಕೆಲಸ. ಆ ಒಂದು ಬೆಳಗ್ಗೆಯನ್ನು ದಯವಿಟ್ಟು ಕೊಡಿ.

ಊರಿನಲ್ಲಿರುವ ಅಪ್ಪ ಅಮ್ಮನಿಗೂ ಇದನ್ನೇ ಮಾಡೋಣ ಅಂದರೆ, ಭಾರತದಲ್ಲಿ ಸಿಬಿಲ್ ಕಡತಕ್ಕೆ ಇಂಥ ಕಾನೂನಿನ ಫ್ರೀಜ್ ಇಲ್ಲ. ಆದರೆ ಆಧಾರ್ ಬೆರಳಚ್ಚನ್ನು ಬೇರೆಯವರು ಬಳಸದಂತೆ ತಡೆಯುವ ಬಯೋಮೆಟ್ರಿಕ್ ಲಾಕ್ ಇದೆ. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿದ ಹಲವರ ಖಾತೆಗಳಿಂದ ಆಧಾರ್ ಬೆರಳಚ್ಚಿನ ಮೂಲಕವೇ ದುಡ್ಡು ಹೋಗಿತ್ತು, ಒಟಿಪಿಯೂ ಇಲ್ಲದೆ. ಈ ಸಲ ಊರಿಗೆ ಹೋದಾಗ ಅವರ ಫೋನಿನಲ್ಲಿ ಲಾಕ್ ಹಾಕಿಕೊಡಿ, ತೆಗೆಯುವುದು ಹೇಗೆ ಅಂತಲೂ ತೋರಿಸಿ.

ಕೊನೆಯದಾಗಿ, ವಾಪಸ್ ಬೆಂಗಳೂರಿಗೋ ಮೈಸೂರಿಗೋ ಹೊರಟವರಿಗೆ. ನಿಮಗೆ ಇದು ಎಲ್ಲರಿಗಿಂತ ಜಾಸ್ತಿ ಮುಖ್ಯ. ನೀವು ಹೋದರೂ ನಿಮ್ಮ ಎಸ್‌ಎಸ್‌ಎನ್ ಇಲ್ಲೇ ಇರುತ್ತದೆ. ಹಳೆ ವಿಳಾಸಕ್ಕೆ ಬರುವ ಕಾಗದ ನೋಡುವವರಿಲ್ಲ, ವಸೂಲಿಯವರ ಫೋನ್ ನಿಮ್ಮನ್ನು ಮುಟ್ಟುವುದಿಲ್ಲ. ಹೊಸ ಸಾಲದ ಅಗತ್ಯವೂ ನಿಮಗಿಲ್ಲ, ಹಾಗಾಗಿ ಫ್ರೀಜ್‌ನಿಂದ ಕಿರಿಕಿರಿಯೂ ಇಲ್ಲ. ಹೊರಡುವ ಮುಂಚೆ, ಇಲ್ಲಿಂದಲೇ ಮೂರೂ ಬ್ಯೂರೋಗಳಲ್ಲಿ ಅಕೌಂಟ್ ಮಾಡಿ ಫ್ರೀಜ್ ಹಾಕಿ. ಅಲ್ಲಿಂದ ಮಾಡಲು ಹೋದರೆ ಗುರುತು ಪರೀಕ್ಷೆಗೆ ಅಮೆರಿಕದ ಫೋನ್ ನಂಬರ್ ಕೇಳುತ್ತಾರೆ. ಆ ನಂಬರನ್ನು ಅತಿ ಕಡಿಮೆ ದರದ ಪ್ಲಾನಿಗೆ ಬದಲಿಸಿ ಉಳಿಸಿಕೊಳ್ಳಿ, ಬಿಟ್ಟುಕೊಡಬೇಡಿ. ನಿಮ್ಮ 401ಕೆ (ನಿವೃತ್ತಿ ಉಳಿತಾಯ) ಖಾತೆಯ ಒಟಿಪಿಯೂ ಅದೇ ನಂಬರಿಗೆ ಬರುತ್ತಿರಬಹುದು.