ಚಾಕು ಯಾವೂರದು?

ಚಾಕು ಕೈಗೆ ಸಿಕ್ಕರೆ ಹೆಬ್ಬೆರಳು ಸವರಿ ಹರಿತ ನೋಡುವುದು ನಮ್ಮ ಚಾಳಿ. ಇಟಲಿಯ ಹಳೇ ಮಡಚುವ ಚಾಕು ಸಿಕ್ಕರೆ ಮಾತ್ರ ಹರಿತ ಆಮೇಲೆ, ಮೊದಲು ತುದಿ ನೋಡಿ. ಯಾವೂರದು, ಯಾರ ಜೇಬಿನದು ಅನ್ನುವ ಅರ್ಧ ಜಾತಕ ಅಲ್ಲೇ ಇರುತ್ತದೆ.

ಸಾರ್ಡೀನಿಯಾ ದ್ವೀಪವನ್ನೇ ತಗೊಳ್ಳಿ. ಉತ್ತರದ ಗುಡ್ಡಗಳ ನಡುವಿನ ಪಟ್ಟಾದ ಅನ್ನುವ ಊರಿನ ಚಾಕುವಿಗೆ ಸಣ್ಣಗೆ, ಉದ್ದಕ್ಕೆ, ಚೂಪಾಗಿ ಮುಗಿಯುವ ಅಲಗು. ಆ ದ್ವೀಪದ ತುಂಬ ಬೆಳೆಯುವ ಮಿರ್ಟಲ್ ಪೊದೆಯ ಎಲೆಯ ಆಕಾರ ಅಂತಾರೆ ಅಲ್ಲಿಯವರು. ಹಿಡಿ ಟಗರಿನ ಕೊಂಬಿನದು, ಹಿಡಿಯ ಕೊರಳಿಗೆ ಲೋಹದ ಪಟ್ಟಿ. ತೆರೆದರೆ ಟಕ್ ಅನ್ನುವುದೇ ಇಲ್ಲ. ಒಳಗೆ ಸ್ಪ್ರಿಂಗೂ ಇಲ್ಲ, ಲಾಕೂ ಇಲ್ಲ. ಒಂದೇ ಒಂದು ಮೊಳೆಯ ಬಿಗಿಯಲ್ಲಿ ಅಲಗು ನಿಲ್ಲುತ್ತದೆ. ಹಾಗಾಗಿ ಬೆರಳಿಗೆ ಸ್ವಲ್ಪ ತಡೆ ಕೊಡುತ್ತಾ, ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ನನಗೆ ಜಾಸ್ತಿ ಇಷ್ಟವಾಗುವುದು ಈ ಗತ್ತೇ.

ಅದೇ ದ್ವೀಪದ ನೈಋತ್ಯ ಮೂಲೆಯ ಆರ್ಬುಸ್‌ಗೆ ಹೋದರೆ ಅಲಗಿಗೆ ಹೊಟ್ಟೆ ಬಂದಿರುತ್ತದೆ. ಅಗಲ, ದುಂಡು. ಕುರಿಯ ಚರ್ಮ ಸುಲಿಯುವವನಿಗೆ ಬೇಕಾದದ್ದು ಆ ದುಂಡು ಅಂಚು. ಮೊನೆ ತಾಗಿ ಚರ್ಮ ತೂತಾದರೆ ಕೆಲಸ ಕೆಟ್ಟಿತು, ಅಲ್ವಾ? ಪಕ್ಕದ ಗುಸ್ಪಿನಿಯ ಚಾಕುವಿಗಂತೂ ಮೊನೆಯೇ ಇಲ್ಲ. ಯಾರೋ ತುದಿ ಕತ್ತರಿಸಿ ಎಸೆದ ಹಾಗೆ ಮೊಂಡು. ಇದರ ಹಿಂದೆ ಕಾನೂನಿನ ಕೈವಾಡ. ಜಿಯೊಲಿಟ್ಟಿ ಪ್ರಧಾನಿಯಾಗಿದ್ದಾಗ, 1908ರಲ್ಲಿ, ಉದ್ದನೆಯ ಮೊನಚು ಚಾಕು ಜೇಬಿನಲ್ಲಿಟ್ಟು ತಿರುಗುವುದಕ್ಕೆ ಕಡಿವಾಣ ಬಿತ್ತು. ಜಗಳದಲ್ಲಿ ಚಾಕು ತೆಗೆಯುವವರ ಕಾಟ ಅಷ್ಟಿತ್ತು. ಜನ ಚಾಕು ಬಿಡಲಿಲ್ಲ, ಮೊನೆ ಬಿಟ್ಟರು. ಚೀಸ್ ಹೆಚ್ಚಲು, ರೊಟ್ಟಿ ಕೊಯ್ಯಲು ಮೊನೆ ಯಾಕೆ ಬೇಕು ಹೇಳಿ!

ಸಿನಿಮಾಗಳಲ್ಲಿ ಗುಂಡಿ ಒತ್ತಿದರೆ ಚಿಮ್ಮುವ ಚಾಕುವೂ ಇಟಲಿಯದೇ. ಈಶಾನ್ಯದ ಮಾನಿಯಾಗೊ ಊರು ಅದಕ್ಕೆ ಹೆಸರುವಾಸಿ. ನನಗೆ ಅದರಲ್ಲಿ ಆಸಕ್ತಿ ಕಡಿಮೆ. ಅದಕ್ಕಿಂತ ಹಲ್ಲುಗಾಲಿಯಂತೆ ಕಚ್ಚುಗಳಿದ್ದು, ತೆರೆಯುವಾಗ ಕರ್ ಕರ್ ಅಂತ ಊರಿಗೆಲ್ಲ ಕೇಳುವ ಹಳೇ ಚಾಕುಗಳೇ ಮಜಾ. ಎದುರಿನವನಿಗೆ ಓಡಲು ಟೈಮ್ ಕೊಡುತ್ತಿದ್ದವೋ ಏನೋ.

ಕೊಳ್ಳುವ ಮನಸ್ಸಿದ್ದರೆ ಒಂದು ಮಾತು. ಪಟ್ಟಾದ ಹೆಸರಿನಲ್ಲಿ ಕಾರ್ಖಾನೆಯ ನಕಲು ಬೇಕಾದಷ್ಟಿವೆ. ಹಿಡಿಯನ್ನು ಬೆಳಕಿಗೆ ಹಿಡಿದು ಎರಡೂ ಪಕ್ಕ ತಿರುಗಿಸಿ. ಅಸಲಿ ಕೊಂಬಿನಲ್ಲಿ ಒಂದು ಕಡೆ ಜೇನಿನ ಬಣ್ಣ, ಇನ್ನೊಂದು ಕಡೆ ಕಪ್ಪು ಗೆರೆ, ಹೀಗೆ ಏನಾದರೂ ವ್ಯತ್ಯಾಸ ಕಾಣುತ್ತದೆ. ಎರಡೂ ಪಕ್ಕ ಅಚ್ಚಿನಲ್ಲಿ ಹೊಯ್ದಷ್ಟು ಒಂದೇ ಥರ ಇದ್ದರೆ ಅನುಮಾನ ಪಡಿ. ಕೈಯಲ್ಲಿ ಮಾಡಿದ್ದಕ್ಕೆ ನೂರಾರು ಯೂರೋ ಬೆಲೆ.

ಅಗ್ಗದ ದಾರಿಯೂ ಒಂದಿದೆ. ಅಲ್ಲಿ ಚಾಕುವನ್ನು ಸುಮ್ನೆ ಉಡುಗೊರೆ ತಗೊಳ್ಳುವಂತಿಲ್ಲ, ಸ್ನೇಹ ಕತ್ತರಿಸಿ ಹೋಗುತ್ತದಂತೆ. ಕೊಟ್ಟವರ ಕೈಗೆ ಒಂದು ನಾಣ್ಯ ಇಟ್ಟು ಕೊಂಡ ಲೆಕ್ಕ ಮಾಡಬೇಕು. ಈ ಲೆಕ್ಕದಲ್ಲಿ ಅಸಲಿ ಪಟ್ಟಾದ ಚಾಕು ಒಂದು ಯೂರೋಗೂ ಸಿಗಬಹುದು. ಆ ಕಡೆ ಒಳ್ಳೇ ಸ್ನೇಹಿತರಿರಬೇಕು, ಅಷ್ಟೆ.