ಎರಡು ಭಾಷೆಯಿಂದ ಮಗುವಿನ ಉಚ್ಚಾರ ಕೆಡುವುದಿಲ್ಲ

'ಮನೆಯಲ್ಲಿ ಕೊಂಕಣಿ, ಅಂಗನವಾಡಿಯಲ್ಲಿ ಕನ್ನಡ ಆದರೆ ಮಗುವಿನ ಉಚ್ಚಾರ ಕೆಡುತ್ತದೆ, ಕೊಂಕಣಿ ಬಿಡಿಸಿ' ಎಂಬ ಸಂದೇಶ ಕಾರವಾರದ ಪಾಲಕರ ವಾಟ್ಸಾಪ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಅಜ್ಜಿಯ ಮಾತನ್ನು ಮಗುವಿನಿಂದ ಕಸಿಯಬೇಡಿ.

ನಿಜವಾದ ಉಚ್ಚಾರ ದೋಷ ಎರಡೂ ಭಾಷೆಯಲ್ಲಿ ಕಾಣುತ್ತದೆ. 'ಸಾಕು' ಎನ್ನಲು ಹೋಗಿ 'ತಾಕು' ಎನ್ನುವ ಮಗುವಿನ ಬಾಯಲ್ಲಿ ಕೊಂಕಣಿಯ 'ಸಾಕರ'ವೂ (ಸಕ್ಕರೆ) 'ತಾಕರ'ವೇ. 3 ವರ್ಷಕ್ಕೆ ಹೀಗಿದ್ದರೆ ಗಾಬರಿ ಬೇಡ; ರ, ಸ, ಷ ಎಷ್ಟೋ ಮಕ್ಕಳಿಗೆ ತಡವಾಗಿಯೇ ಹಿಡಿತಕ್ಕೆ ಸಿಗುತ್ತವೆ. ಆದರೆ 4 ತುಂಬಿದರೂ ಹೊರಗಿನವರಿಗೆ ಮಾತು ಅರ್ಥವಾಗದಿದ್ದರೆ, 'ದೊಡ್ಡವನಾದ ಮೇಲೆ ಸರಿಹೋಗುತ್ತದೆ' ಎಂದು ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ, ಆಮೇಲೆ ವಾಕ್ ತಜ್ಞರನ್ನು ಕಾಣಿ. ಅಂಗನವಾಡಿಗೆ ತಪಾಸಣೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೂ ಹೇಳಬಹುದು.